ಉಣಕಲ್ ಕೆರೆ ದಾಟದ ಲಾರಿ

ನಮ್ಮ ಚಹಾದಂಗಡಿ ಇದ್ದದ್ದು ಹುಬ್ಬಳ್ಳಿಯಲ್ಲಿ ಒಂದು ಗ್ಯಾರೇಜಿನ ಎದುರಿಗೆ. ಹಿಂಗಾಗಿ ನಗಬೇಕಂತ ನಾಟಕದ ಕಂಪನಿಗೆ ಹೋಗುವ ಜರೂರು ನನಗೆ ಎಂದೂ ಬೀಳಲಿಲ್ಲ. ಗ್ಯಾರೇಜಿನ ಮುಂದೆ ಒಂದು ಗಾಡಿ ಕೆಟ್ಟು ನಿಂತಿತೆಂದರೆ ಸಾಕು, ಹಾದಿಯಲ್ಲಿ ಹೋಗುವ ಗಂಡಸರೆಲ್ಲ ಅದರ ಹೊಟ್ಟೆಯೊಳಗೆ ತಲೆ ತೂರಿಸಿ ಒಂದೊಂದು ರೋಗದ ಹೆಸರು ಹೇಳುತ್ತಿದ್ದರು. ನನ್ನ ಗಂಡ ಚಹಾ ಕಾಸುತ್ತಿದ್ದ, ನಾನು ಮಿರ್ಚಿ ಕರಿಯುತ್ತಿದ್ದೆ. ಮಿರ್ಚಿ ಕರಿಯುವವಳಿಗೆ ಕೆಲಸವೆಲ್ಲ ಕೈಗೆ, ಕಣ್ಣು ಕಿವಿ ಎರಡೂ ಖಾಲಿ. ಹಂಗಾಗಿ ನಾನು ಕಂಡದ್ದು, ಕೇಳಿದ್ದು, ಸ್ವಲ್ಪ ನಾನೇ ಸೇರಿಸಿದ್ದು ಎಲ್ಲಾ ಇಲ್ಲಿ ಬರೆದೇನಿ.

ಈ ಎಲ್ಲ ಪ್ರಸಂಗಗಳೂ ಒಂದೇ ಲಾರಿಯವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೇ ಪೆಟ್ರೋಲ್ ಲಾರಿ ಅದು. ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುವಿದರೆ ಚಾಲೂ ಆಗಬೇಕು. ಅದನ್ನು ತಗೊಂಡಾತ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಆತನ ಹೆಂಡತಿ ಒಬ್ಬ ಡ್ರೈವರನನ್ನು ಇಟ್ಟುಕೊಂಡು ಜಿನ್ನಿಂಗ್ ಮಿಲ್ಲಿನ ಅರಳೆಯ ಅಂಡಿಗೆಗಳನ್ನು ಹೇರಿಸಿ, ಎರಡು ಹೆಣ್ಣುಮಕ್ಕಳನ್ನು ಸಾಲಿಗೆ ಕಳಿಸುತ್ತಿದ್ದಳು. ಓಣಿಯವರೆಲ್ಲ ಆಕೆಗೆ ಲಾರಿ ಅಕ್ಕ ಅಂತಲೇ ಕರೆಯುತ್ತಿದ್ದೆವು.

ಮೂರು ತಿಂಗಳಿಂದ ಲಾರಿ ಹಟ ಹಿಡಿದಿತ್ತು. ಊರೊಳಗೆ ಹೆಂಗೋ ಓಡಾಡುತ್ತಿತ್ತು. ಧಾರವಾಡದ ಹಾದಿ ಹಿಡಿದು ಉಣಕಲ್ ಕೆರೆ ಬಂತೋ, ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ನಿಂತ ಮೇಲೆ ಎಷ್ಟು ಹ್ಯಾಂಡಲ್ ಹೊಡೆದರೂ ಚಾಲೂ ಆಗುತ್ತಿರಲಿಲ್ಲ. ಅಕ್ಕನ ಮೈದುನ ಇದಕ್ಕೇ ಕಾದು ಕುಂತಿದ್ದ. ಲಾರಿಯನ್ನು ಮೋಡಕಾ ವ್ಯಾಪಾರಿಗೆ, ಅಂದರೆ ಹಳೇ ಕಬ್ಬಿಣದವನಿಗೆ, ಕೊಟ್ಟು ಮುರಿಸಿಬಿಡಬೇಕು, ಅತ್ತಿಗೆ ತನ್ನ ಮನೆಗೆ ಬಂದು ರೊಟ್ಟಿ ಬಡಿದುಕೊಂಡು ಇರಬೇಕು ಅಂತ ಆತನ ಲೆಕ್ಕ. ಓಣಿಯ ಇಬ್ಬರು ಹಿರಿಯರ ಮುಂದೆ ಪಂಚಾಯಿತಿ ಕೂಡಿತು. ಬರುವ ಅಮವಾಸ್ಯೆಯ ದಿನ ಲಾರಿ ತನ್ನ ಕಾಲ ಮೇಲೆ ಧಾರವಾಡ ಮುಟ್ಟಿದರೆ ಅದು ಅಕ್ಕನದು, ಮುಟ್ಟದಿದ್ದರೆ ಮೋಡಕಾ ಅಂತ ಠರಾಯಿತು.

ಮೈದುನ ಮೀಸೆ ತಿರುವಿ, "ವೈನಿ, ಈಗಿಂದನ ರೊಟ್ಟಿ ಬಡಿಯೋದು ರೂಢಿ ಮಾಡ್ಕೋ," ಅಂದ.

"ನನ್ನ ರೊಟ್ಟಿ ನನ್ನ ಲಾರಿ ತಂದು ಹಾಕತೈತೋ," ಅಂದಳು ಅಕ್ಕ. "ನೀ ನಿನ್ನ ಹೆಂಡ್ತಿ ಬಡದದ್ದು ತಿನ್ನು, ಸುಟ್ಟಿದ್ರೂ ತಿನ್ನು."

ಆತನ ಹೆಂಡತಿ ದಿನಾ ರೊಟ್ಟಿ ಸುಡುತ್ತಿದ್ದದ್ದು ಖರೇನೇ ಇತ್ತು. ಅದನ್ನು ಅಕ್ಕನಿಗೆ ಹೇಳಿದವಳು ನಾನೇ.

೧. ಮಿಸ್ತ್ರಿಯ ಕೈಗುಣ

ಮೊದಲು ಕೈ ಹಾಕಿದವರು ಗ್ಯಾರೇಜಿನ ಮಿಸ್ತ್ರಿ ಸಾಬರು. ವಯಸ್ಸಾದವರು, ಬಾಯಲ್ಲಿ ಸದಾ ಎಲೆಅಡಿಕೆ, ಮಾತಾಡಬೇಕಾದರೆ ಮುಖ ಆಕಾಶಕ್ಕೆ ಎತ್ತಬೇಕು. ಲಾರಿ ಆಗಷ್ಟೇ ಉಣಕಲ್ಲಿನಿಂದ ಎಳೆಸಿಕೊಂಡು ಬಂದು ಗ್ಯಾರೇಜಿನ ಬಯಲಲ್ಲಿ ಸತ್ತಂಗೆ ನಿಂತಿತ್ತು. ಮಿಸ್ತ್ರಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಡ್ರೈವರ್ ಮಾಮಾ, ಪೆಟ್ರೋಲ್ ಐತಿಲ್ಲೋ?" ಅಂದರು.

"ಐತ್ರಿ. ಮುಂಜಾನೆನ ಹಾಕೇವಿ."

"ನೀ ಹೇಳಿದರ ಆಗೂದಿಲ್ಲ, ನಾ ನೋಡಬೇಕು." ಟಾಕಿಯ ಮುಚ್ಚಳವನ್ನು ಅಂಚು ಹಿಡಿದು ಹಗೂರಕ್ಕೆ ತಿರುವಿ ತೆಗೆದರು. ಕಡ್ಡಿ ಇಳಿಬಿಟ್ಟು ನೋಡಿ, "ಐತಿ," ಅಂತ ಮುಚ್ಚಿದರು. "ಇದು ಪ್ಲಗ್ಗಿನ ಬ್ಯಾನಿ."

ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ತಿಕ್ಕಿ, ಒಣಗಿಸಬೇಕಂತ ನನ್ನ ಒಲೆಯ ಹತ್ತಿರ ತಂದರು. "ಅವ್ವಾ, ಇವಕ್ಕ ಸ್ವಲ್ಪ ಕಾವು ಕೊಡು." ನಾನು ಮಿರ್ಚಿಯ ಬುಟ್ಟಿಯ ಪಕ್ಕದ ತಾಟಿನಲ್ಲಿ ಇಟ್ಟು ಒಲೆಯ ಬಾಯಿಗೆ ಹಚ್ಚಿದೆ. ವರ್ತಮಾನಪತ್ರಿಕೆ ಓದುತ್ತ ಕುಂತ ಗಿರಾಕಿಯೊಬ್ಬ ನೋಡದೇ ಕೈ ಹಾಕಿ ಒಂದು ಎತ್ತಿ ಕಚ್ಚಿಯೇಬಿಟ್ಟ. ತುಟಿ ಚುರ್ ಅಂದಾಗ ಎದ್ದು ಕುಣಿದು, "ಯವ್ವಾ, ನಿನ್ನ ಮಿರ್ಚಿ ಇವತ್ತ ಭಾಳ ಗಟ್ಟಿ ಆಗ್ಯಾವಲ್ಲ!" ಅಂದ.

ಪ್ಲಗ್ಗು ಹಾಕಿ ಎರಡು ಹ್ಯಾಂಡಲ್ ಹೊಡೆದರು ನೋಡ್ರಿ, ಗುರ್ರ್ ಅಂತ ಚಾಲೂ ಆಯಿತು! ಅಕ್ಕ ಕೈ ಮುಗಿದಳು. ಡ್ರೈವರ್ ಲಾರಿ ಹೊಡೆದುಕೊಂಡು ಧಾರವಾಡದ ಹಾದಿ ಹಿಡಿದ. ಮಿಸ್ತ್ರಿ ನಮ್ಮ ಬಾಕಿನ ಮೇಲೆ ಕುಂತು, ತಮ್ಮ ಕೈಗುಣದ ಪುರಾಣ ಚಾಲೂ ಮಾಡಿದರು. ಯಾವ ಯಾವ ಸಾಹೇಬನ ಮೋಟಾರು, ಯಾವ ಯಾವ ದೇಸಾಯಿಯ ಮೋಟಾರು ತಮ್ಮ ಕೈ ತಾಗಿದ ಕೂಡಲೇ ಎದ್ದು ಓಡಿದವು ಅಂತ ಹೇಳುತ್ತಿದ್ದರು. ನಾಲ್ಕನೆಯ ಮೋಟಾರಿಗೆ ಬಂದಾಗ ರಸ್ತೆಯಲ್ಲಿ ಗಂಟೆಯ ಸಪ್ಪಳ ಕೇಳಿತು. ಎರಡು ದೊಡ್ಡ ಎತ್ತು ನಮ್ಮ ಲಾರಿಯನ್ನು ಎಳೆದುಕೊಂಡು ಬರುತ್ತಿದ್ದವು. ಸ್ಟೇರಿಂಗ್ ಹಿಡಿದ ಡ್ರೈವರ್ ಹೆಣದ ಮುಂದೆ ಕುಂತವನಂಗೆ ಮುಖ ಮಾಡಿದ್ದ.

ಅಂಗಡಿಯವರೆಲ್ಲ ಮಿಸ್ತ್ರಿಯ ಮುಖ ನೋಡಿದೆವು. ಅವರು ತಿರುಗಿ ಕೂಡ ನೋಡದೇ, ಮುಖ ಆಕಾಶಕ್ಕೆ ಎತ್ತಿ ಹೇಳಿದರು: "ಎತ್ತಿನ ಪ್ಲಗ್ ನೋಡ್ರಿ, ಎಷ್ಟ ಛಲೋ ಅದಾವ!"

೨. ಸೆಕ್ಷನ್ ದಾಟಿದ ಮಾತು

ಎರಡನೆಯವರು ನಮ್ಮ ಓಣಿಯ ಫೋರ್ಮನ್ ಸಾಹೇಬರು. ರೈಲಿನ ಇಂಜಿನ್ನು ರಿಪೇರಿ ಮಾಡಿ ಮಾಡಿ ನಿವೃತ್ತರಾದವರು. ಮನೆಯಲ್ಲಿ ಊಟಕ್ಕೂ ಟೈಮ್ ಟೇಬಲ್ ಬರೆದು ಗೋಡೆಗೆ ಹಚ್ಚಿದ್ದರು. ಹೆಂಡತಿ ಐದು ಮಿನಿಟು ತಡಮಾಡಿದರೆ ಕಾರಣ ಬರೆದು ಕೊಡಬೇಕಿತ್ತು. ಆಕೆ ಒಂದು ದಿನ 'ನಿಮ್ಮ ತಾಯಿ ಉಪ್ಪಿನ ಡಬ್ಬಿ ಬಚ್ಚಿಟ್ಟಿದ್ದರಿಂದ' ಅಂತ ಬರೆದು ಕೊಟ್ಟಳಂತೆ. ಇರಲಿ, ಅದು ಬ್ಯಾರೆ ಮಾತು.

ಫೋರ್ಮನ್ ಸಾಹೇಬರು ಕಾಗದ ಪೆನ್ಸಿಲ್ ತಗೊಂಡು ಬಂದರು. ಬೂಟು ಕಳಚಿ ಬದಿಗಿಟ್ಟರು.

"ಬೂಟ್ ಯಾಕ ತಗದ್ರಿ ಸಾಹೇಬ್ರ?" ಅಂದ ಡ್ರೈವರ್.

"ಟಾಕಿ ಮ್ಯಾಲೆ ಅರಿಷಿಣ ಕುಂಕುಮ ಐತಿ. ಬೂಟ್ ಹಾಕ್ಕೊಂಡು ಹೆಂಗ ಮುಟ್ಟಲಿ?" ಮುಚ್ಚಳ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತೆಗೆದು, ಮೂಸಿ ನೋಡಿ, ಮುಚ್ಚಿದರು. ಕಾಗದದಲ್ಲಿ 'ಒಂದು, ಪೆಟ್ರೋಲ್, ಹಾಜರ್' ಅಂತ ಬರೆದರು. ಆಮೇಲೆ ಉದ್ದನ್ನ ಕಬ್ಬಿಣದ ಸಳಿ ತರಿಸಿ, ಒಂದು ತುದಿ ಇಂಜಿನ್ನಿಗೆ, ಒಂದು ತುದಿ ಕಿವಿಗೆ ಹಚ್ಚಿಕೊಂಡು ಕೈ ಎತ್ತಿದರು. "ಎಲ್ಲಾರೂ ಸುಮ್ಮನಿರ್ರಿ. ಮಿರ್ಚಿ ಕರಿಯೋದೂ ನಿಲ್ಲಿಸ್ರಿ."

ನಾನು ಬಾಂಡ್ಲಿ ಇಳಿಸಿದೆ. ಓಣಿಯೆಲ್ಲ ಉಸಿರು ಹಿಡಿದು ನಿಂತಿತು. ಸತ್ತ ಇಂಜಿನ್ನಿನಲ್ಲಿ ಅವರಿಗೇನು ಕೇಳುತ್ತಿತ್ತೋ ದೇವರಿಗೇ ಗೊತ್ತು. ಬಹಳ ಹೊತ್ತಿನ ಮೇಲೆ, "ಬ್ಯಾಟರಿ ತಂತಿ ಸಡಲೈತಿ," ಅಂದರು. ತಂತಿ ಬಿಗಿದರು. ಗಡಿಯಾರ ನೋಡಿ, "ಹತ್ತು ಗಂಟೆ ಹನ್ನೆರಡು ಮಿನಿಟಕ್ಕ ಹ್ಯಾಂಡಲ್ ಹೊಡಿ, ಅದಕ್ಕಿಂತ ಮೊದಲ ಹೊಡೀಬ್ಯಾಡ," ಅಂದರು. ಹತ್ತು ಹನ್ನೆರಡಕ್ಕೆ ಹೊಡೆದ ಒಂದೇ ಹ್ಯಾಂಡಲಿಗೆ ಚಾಲೂ ಆಯಿತು! ಸಾಹೇಬರು ಹೆಗಲ ಮೇಲಿನ ಹಸಿರು ವಸ್ತ್ರ ಬೀಸಿ, ಸೀಟಿ ಹೊಡೆದು ಲಾರಿಯನ್ನು ಕಳಿಸಿಕೊಟ್ಟರು. ಮಿಸ್ತ್ರಿ ಸಾಬರು ಎಲೆಅಡಿಕೆ ಉಗುಳಿ ಒಳಗೆ ಹೋದರು.

ಹನ್ನೊಂದೂವರೆಗೆ ಎತ್ತಿನ ಗಂಟೆ ಕೇಳಿತು.

ಅಕ್ಕ ಸಾಹೇಬರ ಮುಂದೆ ನಿಂತು, "ಹೆಂಗ್ರಿ ಇದು? ಮತ್ತ ಉಣಕಲ್ಲಿನಾಗ ನಿಂತೈತಿ," ಅಂದಳು.

ಸಾಹೇಬರು ಕಾಗದ ತೋರಿಸಿದರು. "ನೋಡವ್ವಾ, ಹತ್ತು ಹನ್ನೆರಡಕ್ಕ ಗಾಡಿ ಇಲ್ಲಿಂದ ಸರಿಯಾಗಿ ಬಿಟ್ಟೈತಿ. ನನ್ನ ಸಹಿ ಐತಿ. ಉಣಕಲ್ಲು ನನ್ನ ಸೆಕ್ಷನ್ನಿನಾಗ ಬರೂದಿಲ್ಲ."

೩. ಕೆಂಪು ಬಟ್ಟೆಯ ಮನೆ

ಈಗ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಲಾರಿ ಪ್ರತಿ ಸಲ ಒಂದೇ ಜಾಗಾದಲ್ಲಿ ಯಾಕೆ ನಿಲ್ಲಬೇಕು? ಮರುದಿನ ಕಾಯಿಪಲ್ಲೆ ತರುವ ನೆವ ಮಾಡಿ ಟಾಂಗಾ ಹತ್ತಿ ಉಣಕಲ್ಲಿಗೇ ಹೋಗಿ ನೋಡಿ ಬಂದೆ. ಕೆರೆಯ ದಂಡೆಗೆ ಒಂದೇ ಒಂದು ಮನೆ. ಮುಂದೆ ಹಗ್ಗದ ಮೇಲೆ ಕೆಂಪನ್ನ ಉದ್ದ ಬಟ್ಟೆ ಒಣಗಿತ್ತು. ಲಾರಿಯ ಗಾಲಿಯ ಗುರುತುಗಳು ಆ ಮನೆಯ ಮುಂದೆಯೇ ಇದ್ದವು. ನನಗಿಷ್ಟು ಸಾಕಾಯಿತು.

ನಾನು ಯಾರಿಗೂ ಏನೂ ಹೇಳಲಿಲ್ಲ. ಡ್ರೈವರನ ಹೆಂಡತಿ ಹಾಲು ಒಯ್ಯಲಿಕ್ಕೆ ಬಂದಾಗ, "ಉಣಕಲ್ಲಿನ ಕೆರಿ ದಂಡಿಗಿ ಒಂದು ಮನಿ ಐತಿ. ಕೆಂಪು ಬಟ್ಟಿ ಒಣಗೈತಿ. ಲಾರಿ ಅಲ್ಲೇ ನಿಲ್ಲತೈತಿ," ಅಂತ ಕಂಡದ್ದಷ್ಟೇ ಹೇಳಿದೆ. ಮಧ್ಯಾಹ್ನದೊಳಗೆ ಆ ಮನೆಯಲ್ಲಿ ಒಬ್ಬಾಕೆ ಹುಟ್ಟಿದಳು. ಸಂಜೆಗೆ ಆಕೆಗೆ ಮೂಗುತಿ ಬಂತು. ಮರುದಿನ ಮುಂಜಾನೆ ಡ್ರೈವರನಿಂದ ಆಕೆಗೊಂದು ಗಂಡುಮಗುವೂ ಆಗಿತ್ತು.

ಡ್ರೈವರನ ಹೆಂಡತಿ ಲಟ್ಟಣಿಗೆ ಹಿಡಿದುಕೊಂಡು ಬಂದು ಲಾರಿ ಹತ್ತಿ ಕುಂತಳು. "ನಡೀರಿ ಇವತ್ತ. ಎಲ್ಲಿ ನಿಲ್ಲತೈತಿ, ಯಾಕ ನಿಲ್ಲತೈತಿ, ನಾನೂ ನೋಡ್ತೇನಿ."

"ಏ ಹುಚ್ಚಿ, ಅದು ತಾನ ನಿಲ್ಲತೈತಿ, ನಾ ನಿಲ್ಲಸೂದಿಲ್ಲ!"

"ಲಾರಿಗೆ ಕಣ್ಣ ಇಲ್ಲ. ನಿಮಗ ಅದಾವ."

ಲಾರಿ ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ನಾನು ಮಿರ್ಚಿಯ ಕಡೆ ನೋಡಿದೆ. ಅಕ್ಕನೂ ಹತ್ತಿದಳು. ನೋಡದೇ ಹೆಂಗಿರಲಿ ಅಂತ ನಾನೂ ಹತ್ತಿದೆ. ಡ್ರೈವರ್ ಬಡವ ಟಾಕಿಯಲ್ಲಿ ಕಡ್ಡಿ ಹಾಕಿ ನೋಡಿ, ಮುಚ್ಚಿ, ಹ್ಯಾಂಡಲ್ ಹೊಡೆದ. ಚಾಲೂ ಆಯಿತು. ಕೆರೆ ಬಂತು, ಲಾರಿ ಕೆಮ್ಮಿತು, ಅದೇ ಮನೆಯ ಮುಂದೆ ಕಾಲು ಚಾಚಿತು.

ಹೆಂಡತಿ ಜಿಗಿದು ಇಳಿದು, ಲಟ್ಟಣಿಗೆಯಿಂದ ಬಾಗಿಲು ಬಡಿದಳು. "ಹೊರಗ ಬಾರಲೇ, ಕೆಂಪ ಸೀರಿ! ಊರ ಗಂಡಸರನ್ನ ಲಾರಿ ಸಮೇತ ನುಂಗಾಕಿ!"

ಬಾಗಿಲು ತೆರೆಯಿತು. ಹೊರಗೆ ಬಂದವನು ಆರು ಫೂಟಿನ ಪೈಲವಾನ. ಮೈಗೆಲ್ಲ ಗರಡಿಯ ಮಣ್ಣು. ಅವನ ಹಿಂದೆ ಅಂಥವೇ ಐದಾರು ದೇಹಗಳು. ಆತ ಲಟ್ಟಣಿಗೆ ನೋಡಿ, ಆಕೆಯನ್ನು ನೋಡಿ, ಹಗ್ಗದ ಮೇಲಿನ ಕೆಂಪು ಬಟ್ಟೆ ನೋಡಿ, ಮೆಲ್ಲಕ್ಕೆ ಅಂದ: "ತಂಗೀ, ಅದು ಸೀರಿ ಅಲ್ಲವಾ. ನನ್ನ ಲಂಗೋಟಿ."

ಹೆಂಡತಿಯ ಕೈಯಿಂದ ಲಟ್ಟಣಿಗೆ ಬಿತ್ತು. ಡ್ರೈವರ್ ಮಾತ್ರ ಆ ದಿನ ಹೆಂಡತಿಯನ್ನು ಬಿಡಲಿಲ್ಲ. "ಕೇಳು, ಕೇಳು, ಗಂಡುಮಗಾ ಎಲ್ಲೈತಿ ಕೇಳು," ಅಂತ ಹಾದಿಯುದ್ದಕ್ಕೂ ಕಾಡಿದ. ಪೈಲವಾನನ ಶಿಷ್ಯರು ಊರ ತನಕ ಲಾರಿ ತಳ್ಳಿಕೊಂಡು ಬಂದರು. ಅವರೆಲ್ಲರಿಗೂ ಮಿರ್ಚಿ ತಿನ್ನಿಸುವ ದಂಡ ಅಕ್ಕ ನನಗೇ ಹಾಕಿದಳು. ಪೈಲವಾನರು ಮಿರ್ಚಿ ತಿನ್ನೋದನ್ನ ನೀವು ನೋಡಿರೇನು? ನಾನು ಅವತ್ತಿಂದ ಒಂದು ವಾರ ಯಾರ ಸುದ್ದಿಯನ್ನೂ ಆಡಲಿಲ್ಲ.

೪. ಎಣ್ಣೆಯ ಡಬ್ಬಿ

ಅಮವಾಸ್ಯೆಗೆ ಮೂರೇ ದಿನ ಉಳಿದಿತ್ತು. ಮೈದುನ ಮೋಡಕಾ ವ್ಯಾಪಾರಿಯನ್ನು ಕರೆದುಕೊಂಡು ಬಂದು ಲಾರಿಯ ಗಾಲಿ ಒದ್ದು ಒದ್ದು ತೋರಿಸಿ ಹೋದ. ಅಕ್ಕ ನಮ್ಮ ಅಂಗಡಿಯ ಒಳಗೆ ಗೋಡೆಗೆ ಬೆನ್ನು ಹಚ್ಚಿ ಕುಂತಳು. ಅಳಲಿಲ್ಲ. ಆಕೆ ಅಳುವ ಜಾತಿಯವಳೇ ಅಲ್ಲ.

"ಸುಮ್ನ ಕುಂದ್ರಬ್ಯಾಡ, ಒಂದೀಟ ಎಣ್ಣಿ ಹಾಕಿ ಕೊಡು," ಅಂತ ನಾನು ಹೊಸ ಶೇಂಗಾ ಎಣ್ಣೆಯ ಡಬ್ಬಿ ಆಕೆಯ ಮುಂದಿಟ್ಟೆ. ಆಕೆ ಮೊಳೆ ಇಟ್ಟು ಒಂದು ತೂತು ಹೊಡೆದು ಡಬ್ಬಿ ಬಗ್ಗಿಸಿದಳು. ಎಣ್ಣೆ ಗುಳುಕ್ ಅಂತು, ಇನ್ನೊಮ್ಮೆ ಗುಳುಕ್ ಅಂತು, ನಿಂತಿತು.

"ಏ, ಲಾರಿ ಹೊಡಿಸಾಕಿ, ಒಂದ ತೂತಿನಾಗ ಎಣ್ಣಿ ಬರತೈತೇನು?" ಅಂದೆ ನಾನು. "ಗಾಳಿ ಹೋಗಾಕ ಆ ಕಡೆ ಇನ್ನೊಂದ ಹೊಡಿ. ಇಲ್ಲಾಂದ್ರ ಒಳಗ ಉಸರು ಕಟ್ಟತೈತಿ."

ಅಕ್ಕ ಡಬ್ಬಿಯ ತೂತನ್ನೇ ನೋಡಿದಳು. ಆಮೇಲೆ ಡಬ್ಬಿ ಕೆಳಗಿಟ್ಟು ಮಿಸ್ತ್ರಿಯ ಹತ್ತಿರ ನಡೆದಳು.

"ಸಾಬಣ್ಣಾ, ಪ್ಲಗ್ ಬಿಚ್ಚೂಕಿಂತ ಮೊದಲ ನೀವು ಏನು ಮಾಡಿದ್ರಿ?"

"ಪೆಟ್ರೋಲ್ ನೋಡಿದೆ."

"ಫೋರ್ಮನ್ ಸಾಹೇಬ್ರು?"

"ಅವರೂ ನೋಡಿದರವಾ."

"ಡ್ರೈವರ್ ಮಾಮಾ?"

"ನಾ ದಿನಾ ನೋಡ್ತೇನಿ ಅಕ್ಕಾ."

"ಹಂಗಾರ ಪ್ಲಗ್ಗಿಗೂ ಚಾಲೂ ಆಗೇತಿ, ತಂತಿಗೂ ಚಾಲೂ ಆಗೇತಿ, ಏನೂ ಮಾಡದಿದ್ರೂ ಆಗೇತಿ. ಮೂರೂ ಸಲ ಮಾಡಿದ ಒಂದ ಕೆಲಸಾ ಅಂದ್ರ ಮುಚ್ಚಳಾ ತಗದದ್ದು. ನಡೀರಿ ಉಣಕಲ್ಲಿಗೆ."

ಮಿಸ್ತ್ರಿ, ಡ್ರೈವರ್, ನಾನು, ಎಲ್ಲರೂ ಹೋದೆವು. ಪೈಲವಾನನ ಮನೆಯ ಮುಂದೆ ಲಾರಿ ಶಿಸ್ತಾಗಿ ನಿಂತಿತು. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾ ತಗೊಂಡು ಇಳಿದರು. ಅಕ್ಕ ಅಡ್ಡ ನಿಂತಳು. "ಯಾರೂ ಏನೂ ಮುಟ್ಟಬ್ಯಾಡ್ರಿ. ಮೊದಲ ಹ್ಯಾಂಡಲ್ ಹೊಡೀರಿ."

ಡ್ರೈವರ್ ಹತ್ತು ಸಲ ಹೊಡೆದ. ಬೆವರು ಬಂತು, ಇಂಜಿನ್ ಬರಲಿಲ್ಲ.

"ಈಗ ಮುಚ್ಚಳಾ ಅಷ್ಟ ತಗೀರಿ."

ತೆಗೆದರು. ಸುಸ್ಸ್ ಅಂತ ಸಪ್ಪಳ. ಎದೆಯ ಮೇಲಿನ ಕಲ್ಲು ಇಳಿಸಿದಂಗೆ ಲಾರಿ ಉಸಿರು ಎಳೆದುಕೊಂಡಿತು. "ಮುಚ್ಚರಿ. ಹ್ಯಾಂಡಲ್ ಹೊಡೀರಿ." ಎರಡನೆಯ ಹ್ಯಾಂಡಲಿಗೆ ಗುರ್ರ್!

ಡ್ರೈವರ್ ಕುಣಿಯತೊಡಗಿದ. ಅಕ್ಕ ಕುಣಿಯಲಿಲ್ಲ. "ಒಮ್ಮೆ ಆದದ್ದನ್ನ ನಾ ನಂಬೂದಿಲ್ಲ. ಮುಂದ ನಡೀರಿ," ಅಂದಳು. ಇನ್ನೆರಡು ಮೂರು ಮೈಲಿ ಹೋದ ಮೇಲೆ ಲಾರಿ ಮತ್ತೆ ನಿಂತಿತು. ಮುಚ್ಚಳ ತೆಗೆದರೆ ಮತ್ತೆ ಸುಸ್ಸ್, ಮತ್ತೆ ಗುರ್ರ್. ಕಡೆಗೆ ಮುಚ್ಚಳವನ್ನು ಪೂರ್ತಿ ತೆಗೆದು, ಬರೇ ಒಂದು ತೆಳು ಅರಿವೆ ಕಟ್ಟಿಸಿ ತಿರುಗಿ ಹುಬ್ಬಳ್ಳಿಯ ತನಕ ಹೊಡೆಸಿದಳು. ಲಾರಿ ಒಂದು ಸಲ ಕೆಮ್ಮಲೂ ಇಲ್ಲ.

ಮಿಸ್ತ್ರಿ ಸಾಬರು ಮುಚ್ಚಳವನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುವಿ ತಿರುವಿ ನೋಡಿದರು. "ಇದರಾಗ ಗಾಳಿ ಹೋಗಾಕ ಒಂದು ಸಣ್ಣ ತೂತು ಇರಬೇಕು. ಪೆಟ್ರೋಲ್ ಕಡಿಮಿ ಆದಂಗ ಗಾಳಿ ಒಳಗ ಹೋಗಬೇಕು. ಇಲ್ಲಿ ತೂತ ಇಲ್ಲ. ಅದಕ್ಕ ಎರಡ ಮೂರ ಮೈಲಿ ಆದ ಕೂಡಲೇ, ಉಣಕಲ್ ಮುಟ್ಟೂದ್ರಾಗ, ಉಸರು ಕಟ್ಟತೈತಿ." ಆಮೇಲೆ ಗಡ್ಡ ಕೆರೆದುಕೊಂಡು ಅಂದರು: "ಅಕ್ಕಾ, ನಾವೆಲ್ಲಾರೂ ಇದಕ್ಕ ದವಾ ಕೊಟ್ಟ್ವಿ. ಇದಕ್ಕ ಬ್ಯಾನೀನ ಇರಲಿಲ್ಲ. ಯಾರೋ ಇದರ ಮೂಗು ಹಿಡಿದು ಕುಂತಾರ!"

೫. ಮೂಗು ಹಿಡಿದವರು

ನನಗೆ ಕೂಡಲೇ ಗೊತ್ತಾಯಿತು. ಇದು ಮೈದುನನ ಕೆಲಸ! ಬೇಕಂತಲೇ ತೂತು ಮುಚ್ಚ್ಯಾನ! ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಓಣಿಗೆಲ್ಲ ಕೇಳುವಂಗೆ ಆತನ ಏಳು ತಲೆಮಾರು ತೊಳೆದೆ. ಅವರಪ್ಪ ಪಕ್ಕದವರ ಬಾವಿಯ ಹಗ್ಗ ಕದ್ದದ್ದು, ಅವರಜ್ಜಿ ಮದುವೆಯ ಮನೆಯಿಂದ ಹೋಳಿಗೆ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು, ಯಾವುದನ್ನೂ ಬಿಡಲಿಲ್ಲ. ಜನ ಕೂಡಿದರು. ಫೋರ್ಮನ್ ಸಾಹೇಬರು ಕಾಗದ ಹಿಡಿದುಕೊಂಡು ಬಂದರು.

ಮಿಸ್ತ್ರಿ ಮುಚ್ಚಳವನ್ನು ಪೆಟ್ರೋಲಿನಲ್ಲಿ ನೆನೆಸಿ ಚಾಕುವಿನಿಂದ ಮೆಲ್ಲಕ್ಕೆ ಕೆರೆಯತೊಡಗಿದರು. ಕೆಂಪು ಚೂರು ಬಿತ್ತು. ಅದರ ಕೆಳಗೆ ಹಳದಿ. ಅದರ ಕೆಳಗೆ ಬಿಳಿ. ಮತ್ತೆ ಕೆಂಪು, ಹಳದಿ, ಬಿಳಿ. ಅರಗಿನಂಗೆ ಗಟ್ಟಿಯಾಗಿತ್ತು. ಸಾಹೇಬರು ಎಣಿಸಿ ಬರೆದರು. "ಹದಿನೆಂಟು ಸಲ ಬಡಿದಾರ. ತಿಂಗಳಿಗೆ ಒಂದು ಅಂದ್ರೂ ಒಂದೂವರಿ ವರ್ಷ."

ಒಂದೂವರೆ ವರ್ಷ ಅಂದ ಕೂಡಲೇ ನಾನು ಮೆಲ್ಲಕ್ಕೆ ಮೆಟ್ಟಿಲು ಇಳಿದೆ.

ಏನಾಗಿತ್ತು ಅಂದರೆ, ಅಕ್ಕನ ಗಂಡ ಇದ್ದಾಗ ಪ್ರತಿ ಅಮವಾಸ್ಯೆಗೆ ಲಾರಿಯ ಪೂಜೆ ಆಕೆಯೇ ಮಾಡುತ್ತಿದ್ದಳು. ಆತ ಹೋದ ಮೇಲೆ, ಕುಂಕುಮದ ಕೈ ಮುತ್ತೈದೆಯದು ಇರಲಿ ಅಂತ ಆ ಪೂಜೆ ನನಗೆ ಬಂತು. ಲಾರಿಗೆ ದೇವರಂಥ ಮುಖ ಎಲ್ಲೈತಿ ಅಂತ ನಾನು ಹುಡುಕಿದೆ. ಮುಂದೆಲ್ಲ ಧೂಳು, ಬಾನೆಟ್ಟು ಬಿಸಿ. ಬದಿಗೆ ನೋಡಿದರೆ ಈ ಮುಚ್ಚಳ ದುಂಡಗೆ, ಹಿತ್ತಾಳೆಯದು, ಫಳಫಳ ಹೊಳೆಯುತ್ತಿತ್ತು. ನಡುವೆ ಸಣ್ಣ ತೂತು ಬ್ಯಾರೆ, ಬೊಟ್ಟು ಇಡಲಿಕ್ಕಂತಲೇ ಮಾಡಿದಂಗೆ. ಪ್ರತಿ ಅಮವಾಸ್ಯೆಗೆ ವಿಭೂತಿ, ಅರಿಷಿಣ, ಕುಂಕುಮ ಬಡಿದೆ. ಗಾಳಿಗೆ ಹಾರಬಾರದಂತ ಶೇಂಗಾ ಎಣ್ಣೆಯಲ್ಲಿ ಕಲಸಿ ಬಡಿದೆ. ಪದರಿನ ಮೇಲೆ ಪದರು ಕೂತು ಮೂರು ತಿಂಗಳ ಹಿಂದೆ ತೂತು ಪೂರ್ತಿ ಮುಚ್ಚಿತ್ತು. ಕರ್ಪೂರ ಮಾತ್ರ ಮುಂದಿನ ಗಾಲಿಯ ಹತ್ತಿರ ಹಚ್ಚುತ್ತಿದ್ದೆ. ಪೆಟ್ರೋಲಿನ ಹತ್ತಿರ ಹಚ್ಚಬಾರದು ಅನ್ನುವಷ್ಟು ಬುದ್ಧಿ ನನಗೂ ಇತ್ತು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಪ್ಪು ಮಿಸ್ತ್ರಿಯ ಮೇಲೆ ಹಾಕಲಿಕ್ಕೆ ನೋಡಿದೆ. "ನಿಮಗರೆ ಕಾಣಬಾರದೇನ್ರಿ? ದಿನಾ ಮುಚ್ಚಳಾ ಹಿಡಿದು ತಿರುವತಿದ್ದಿರಲ್ಲ!"

"ಅವ್ವಾ, ಪೂಜಾದ್ದು," ಅಂದರು ಮಿಸ್ತ್ರಿ. "ನನ್ನ ಕೈಗೆಲ್ಲಾ ಗ್ರೀಸು. ಅದನ್ನ ನಾ ಹೆಂಗ ಕೆರೀಲಿ? ಅಂಚ ಹಿಡಿದು, ಕುಂಕುಮ ಅಳಿಸಬಾರದಂತ ಜತನ ಮಾಡಿ ತಿರುವೇನಿ."

"ನಾ ಬೂಟ್ ಸಹಿತ ಕಳದೇನಿ," ಅಂದರು ಸಾಹೇಬರು.

ಅಕ್ಕ ಎರಡೂ ಕೈ ಸೊಂಟದ ಮೇಲೆ ಇಟ್ಟಳು. "ಎಂಥಾ ಛಲೋ ಮಂದಿ ಸಿಕ್ಕೀರಿ ನನಗ! ಎಲ್ಲಾರೂ ಕೂಡಿ ಭಕ್ತಿ ಮಾಡೀರಿ, ನನ್ನ ಲಾರಿ ಉಸರು ಕಟ್ಟಿ ಸಾಯಾಕತ್ತಿತ್ತು!"

ಆಗ ಒಲೆಯ ಹಿಂದಿನಿಂದ ನನ್ನ ಗಂಡನ ಧ್ವನಿ ಬಂತು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯದ ಮನುಷ್ಯ ಅಂದ: "ಇಕಿ ಹಂಗರಿ. ಮೂಗು ಯಾರದ ಇರಲಿ, ಬಿಡೂದಿಲ್ಲ."

೬. ಹನ್ನೆರಡು ಮೈಲಿ

ಅಮವಾಸ್ಯೆಯ ಮುಂಜಾನೆ ಲಾರಿ ಬಯಲಲ್ಲಿ ಸಜ್ಜಾಗಿ ನಿಂತಿತ್ತು. ಪೂಜೆಗೆ ನಾನು ತಾಟು ತಂದರೆ ಅಕ್ಕ ನನ್ನ ಮುಂಗೈ ಹಿಡಿದು ಗಾಲಿಯ ಕಡೆಗೆ ಒಯ್ದಳು. "ಇಲ್ಲಿ ಹಚ್ಚು. ಎಷ್ಟ ಬೇಕಾದರೂ ಹಚ್ಚು."

ಹಿರಿಯರಿಬ್ಬರು ಬಂದರು. ಅವರಲ್ಲಿ ದೊಡ್ಡವರಿಗೆ ಓಣಿಯಲ್ಲಿ ಯಜಮಾನರು ಅಂತಿದ್ದರು. ಕರಾರಿನ ಕಾಗದ ಅವರ ಕಿಸೆಯಲ್ಲಿತ್ತು. ಮೈದುನನೂ ಬಂದ. ಬಂದು ನಮ್ಮ ಬಾಕಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಂತು ಒಂದು ಚಹಾ ಕುಡಿದ. ಡ್ರೈವರ್ ಒಂದೇ ಹ್ಯಾಂಡಲಿಗೆ ಇಂಜಿನ್ ಎಬ್ಬಿಸಿದ. ಮೈದುನ ಕಾಲು ಇಳಿಸಿ ಇನ್ನೊಂದು ಚಹಾ ಕುಡಿದ. ಇಂಜಿನ್ ಬಂದ್ ಮಾಡಿ ಮತ್ತೆ ಎಬ್ಬಿಸಿ ತೋರಿಸಿದರು. ಆತ ಮೂರನೆಯದು ಕುಡಿದ, ನಾಲ್ಕನೆಯದನ್ನು ಬಶಿಯಲ್ಲಿ ಸುರುವಿಕೊಂಡು ಕುಡಿದ, ಮೇಲೆ ಒಂದು ತಂಬಿಗೆ ನೀರು ಗಟಗಟ ಇಳಿಸಿದ. ಆಮೇಲೆ ಎದ್ದು ನಿಂತು ಹೊಸ ಮಾತು ತೆಗೆದ.

"ಯಜಮಾನ್ರ, ಬರೇ ಮುಟ್ಟಿದರ ಸಾಲದು. ನಡುವ ಎಲ್ಲೂ ನಿಲ್ಲಬಾರದು. ನಿಂತಿತೋ, ಮೋಡಕಾ. ಇದನ್ನೂ ಬರೀರಿ."

"ಇದು ಮೊದಲಿನ ಮಾತಿನಾಗ ಇರಲಿಲ್ಲಲ್ಲೋ," ಅಂದರು ಯಜಮಾನರು.

"ಬರೀರಿ ಯಜಮಾನ್ರ," ಅಂದಳು ಅಕ್ಕ. "ಆತ ಏನೇನ ಹೇಳ್ತಾನ ಅಷ್ಟೂ ಬರೀರಿ."

ಬರೆದರು. ಅಕ್ಕ ಮತ್ತು ಮೈದುನ ಮುಂದೆ ಡ್ರೈವರನ ಬಾಜೂಕ ಕುಂತರು. ನಾನು, ಹಿರಿಯರು ಹಿಂದೆ ಗೋಣಿಚೀಲದ ಮೇಲೆ. ನಡುವಿನ ಕಿಟಕಿಗೆ ಗ್ಲಾಸ್ ಇರಲಿಲ್ಲ. ದೇವರು ದೊಡ್ಡವನು, ಮುಂದಿನ ಮಾತೆಲ್ಲ ನನಗೆ ಕೇಳುತ್ತಿತ್ತು.

ಉಣಕಲ್ ಕೆರೆ ಬಂತು. ಪೈಲವಾನ ಮತ್ತು ಶಿಷ್ಯರು ರೂಢಿಯಂತೆ ತಳ್ಳಲಿಕ್ಕೆ ಕಚ್ಚೆ ಬಿಗಿದು ನಿಂತಿದ್ದರು. ಲಾರಿ ಅವರ ಮುಂದೆಯೇ ಭರ್ರಂತ ಹೋಯಿತು. ಡ್ರೈವರ್ ಹಾರ್ನ್ ಹೊಡೆದ. ಅಕ್ಕ ಸೀರೆಯ ಸೆರಗು ಬಿಗಿದು ಕುಂತು, ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

ಭೈರಿದೇವರಕೊಪ್ಪ ದಾಟಿದ ಮೇಲೆ ಮೈದುನ ಒಂದು ಸಲ ಬಲಕ್ಕೆ ಸರಿದ, ಒಂದು ಸಲ ಎಡಕ್ಕೆ ಸರಿದ. ತೊಡೆ ಕೂಡಿಸಿದ. ಮಿಲಿಟರಿ ಲಾರಿ ಅಂದರೆ ನಿಮಗೆ ಗೊತ್ತಲ್ಲ, ತಗ್ಗು ದಿನ್ನೆ ಒಂದನ್ನೂ ಬಿಡದೇ ಲೆಕ್ಕ ಕೊಡುತ್ತದೆ. ನವಲೂರಿನ ಪೇರಲ ತೋಟಗಳು ಕಾಣಿಸಿದಾಗ ಆತನ ಮುಖ ಆ ಪೇರಲಹಣ್ಣಿನ ಬಣ್ಣಕ್ಕೇ ಬಂದಿತ್ತು.

"ವೈನಿ... ಒಂದ ಮಿನಿಟ ನಿಲ್ಲಸು."

"ಯಾಕೋ?"

"ಯಾಕ ಅಂತ ಕೇಳ್ತೀಯಲ್ಲ! ಅವಸರ ಐತಿ."

"ಇನ್ನ ಮೂರ ನಾಕ ಮೈಲಿ ಅಷ್ಟ. ತಡಕೋ."

"ತಡಿಯಾಕ ಆಗೂದಿಲ್ಲ! ನಾಕ ಚಹಾ ಕುಡದೇನಿ! ನಿಲ್ಲಸು!"

"ನಿಂತರ ಲಾರಿ ಮೋಡಕಾಕ್ಕ ಹೋಗತೈತಿ. ನನ್ನ ಎರಡು ಹುಡಿಗ್ಯಾರ ಸಾಲಿ ಹೋಗತೈತಿ. ನಿಂದು ಹೋದರ ಒಂದ ಧೋತರ ಹೋಗತೈತಿ."

ಡ್ರೈವರ್ ಒಂದು ತಗ್ಗನ್ನು ಹುಡುಕಿ ಅದರೊಳಗೇ ಗಾಲಿ ಇಳಿಸಿದ. ಮೈದುನ ಅಯ್ಯಯ್ಯೋ ಅಂತ ಕೂಗಿ, ಹಿಂದಿನ ಕಿಟಕಿಯಲ್ಲಿ ತಲೆ ತೂರಿಸಿದ.

"ಯಜಮಾನ್ರ! ಲಾರಿ ವೈನೀದು! ನಾ ಒಪ್ಪೇನಿ! ಬರಕೋರಿ, ಲಗೂ ಬರಕೋರಿ!"

ಯಜಮಾನರು ಯಾವ ಅವಸರವೂ ಇಲ್ಲದೇ ಕಾಗದ ತೆಗೆದು ತೊಡೆಯ ಮೇಲೆ ಹಾಸಿದರು. ಚಷ್ಮಾ ಹುಡುಕಿ, ಒರೆಸಿ, ಹಾಕಿಕೊಂಡರು. "ಪೂರ್ತಿ ಹೆಸರು ಹೇಳಪಾ."

ಹೇಳಿದ.

"ತಂದಿ ಹೆಸರು?"

"ನಿಮಗ ಗೊತ್ತಿಲ್ಲೇನ್ರಿ! ನಿಮ್ಮ ಗೆಳ್ಯಾ ಅಲ್ಲೇನು ಅಂವಾ!"

"ಗೊತ್ತಿದ್ರೂ ಕಾಯದೇ ಪ್ರಕಾರ ಕೇಳಬೇಕಾಗತೈತಿ. ಹೇಳು. ಖುಷಿಯಿಂದ ಒಪ್ಪೀದಿಯೋ, ಯಾರರೆ ಜುಲಮೀ ಮಾಡ್ಯಾರೋ?"

"ಖುಷಿ! ಖುಷಿ! ಭಾಳ ಖುಷಿ!" ಅಂತ ಅಳುವ ಧ್ವನಿಯಲ್ಲಿ ಕೂಗಿ, ಕಿಟಕಿಯಲ್ಲಿ ಕೈ ಹಾಕಿ ಕುಲುಕಾಡುವ ಲಾರಿಯಲ್ಲೇ ಸಹಿ ಮಾಡಿದ. ಯಜಮಾನರು ಅದನ್ನು ಊದಿ ಒಣಗಿಸಿ, ಮಡಚಿ ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿದ ಮೇಲೆ ಅಂದಳು: "ಡ್ರೈವರ್ ಮಾಮಾ, ನಿಲ್ಲಸ್ರಿ. ಇಂಜಿನ್ ಮಾತ್ರ ಬಂದ್ ಮಾಡಬ್ಯಾಡ್ರಿ."

ಮೈದುನ ಬಾಗಿಲಿನಿಂದ ಜಿಗಿದು ಪೇರಲ ಗಿಡಗಳೊಳಗೆ ಹೊಕ್ಕ. ನಾನು ಆ ಕಡೆ ಮುಖ ಮಾಡಲಿಲ್ಲ, ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸಿದೆ, ಅಷ್ಟೇ. ಹೊರಗೆ ಬಂದಾಗ ಬ್ಯಾರೆ ಮನುಷ್ಯನೇ ಆಗಿದ್ದ. ಧೋತರ ಝಾಡಿಸಿ, ಮೀಸೆ ತಿರುವಿ, ಲಾರಿಯ ಕಡೆ ಬೆರಳು ತೋರಿಸಿ ಹಲ್ಲು ಕಿರಿದ.

"ನಿಂತಿತಲ್ಲ! ಯಜಮಾನ್ರ, ನೀವ ಸಾಕ್ಷಿ! ಲಾರಿ ನಡುವ ನಿಂತೈತಿ! ಕಾಗದ ನೋಡ್ರಿ, ಕರಾರು ಮುರೀತು!"

ಅಕ್ಕ ಸೆರಗಿನ ಗಂಟು ಎತ್ತಿ, "ನಿನ್ನ ಸಹಿ ಮೊದಲ ಬಿದ್ದೈತಿ, ಲಾರಿ ಆಮ್ಯಾಲೆ ನಿಂತೈತಿ," ಅಂತ ತೋರಿಸಿದಳು. "ಡ್ರೈವರ್ ಮಾಮಾ, ನಡೀರಿ," ಅಂದಳು.

ಲಾರಿ ಹೊರಟಿತು. ಮೈದುನ ಮೊದಲು ನಕ್ಕ, ಆಮೇಲೆ ನಡೆದ, ಆಮೇಲೆ ಒಂದು ಕೈಯಲ್ಲಿ ಧೋತರ ಹಿಡಿದು ಓಡತೊಡಗಿದ. "ಏ ವೈನಿ! ನಾ ಹತ್ತಿಲ್ಲ! ನಿಲ್ಲಸ್ರೀ! ಯಜಮಾನ್ರ, ನೀವರೆ ನಿಲ್ಲಸ್ರೀ!"

ಯಜಮಾನರು ಹಿಂದಿನ ಫಳಿ ಹಿಡಿದು ಎದ್ದು ನಿಂತರು. ಬಾಯಿಗೆ ಕೈ ಅಡ್ಡ ಹಿಡಿದು, ನವಲೂರಿಗೆಲ್ಲ ಕೇಳುವಂಗೆ ಕೂಗಿ ಹೇಳಿದರು:

"ಹೆಂಗ ನಿಲ್ಲಸಲೋ ತಮ್ಮಾ? ನಡುವ ಎಲ್ಲೂ ನಿಲ್ಲಬಾರದಂತ ನೀನ ಬರಸೀಯಲ್ಲೋ!"